ಬಸುರಿಯ ಭಾರ ಹೊರುವ ಬಟ್ಟೆ

ಮಕ್ಕಳೇ, ಮೊದಲು ನಿಮಗೊಂದು ಒಗಟು. ಉದ್ದ ಎಂಟು ಅಡಿ, ಅಗಲ ಎರಡೂವರೆ ಅಡಿ. ಹೊಲಿಗೆ ಇಲ್ಲ, ಗುಂಡಿ ಇಲ್ಲ, ಕಿಸೆ ಇಲ್ಲ. ಬಿಸಿಲಿದ್ದರೆ ತಲೆಯ ಮೇಲೆ, ಚಳಿಯಿದ್ದರೆ ಹೆಗಲ ಮೇಲೆ. ಸಂತೆಗೆ ಹೋದರೆ ಬೆನ್ನ ಮೇಲಿನ ಚೀಲ, ಕೂಸು ಅತ್ತರೆ ತೊಟ್ಟಿಲು. ಏನದು?

ಸೀರೆ ಎಂದವರಿಗೆ ಅರ್ಧ ಅಂಕ ಕೊಡುತ್ತೇನೆ. ಸೀರೆಗೆ ಹದಿನೆಂಟು ಅಡಿಯಾದರೂ ಬೇಕು. ಅಜ್ಜನ ಹೆಗಲ ಮೇಲಿನ ವಲ್ಲಿ ಎಂದವರಿಗೆ ಕಾಲು ಅಂಕ. ಪೂರ್ತಿ ಅಂಕ ಯಾರಿಗೂ ಸಿಗಲಾರದು, ಏಕೆಂದರೆ ಉತ್ತರ ಇರುವುದು ನಮ್ಮ ದೇಶದಲ್ಲಿ ಅಲ್ಲ. ಭೂಗೋಳದ ಗೋಲವನ್ನು ತಿರುಗಿಸಿ ಅಮೆರಿಕದ ಕೆಳಗೆ ಬೆರಳಿಡಿ. ಅದು ಮೆಕ್ಸಿಕೊ. ಅಲ್ಲಿನ ಹೆಂಗಸರು ಹೊದೆಯುವ ಈ ಶಾಲಿನ ಹೆಸರು ರೆಬೋಸೊ. ಸ್ಪ್ಯಾನಿಷ್ ಭಾಷೆಯಲ್ಲಿ ಮುಚ್ಚುವುದು, ಹೊದಿಸುವುದು ಎಂಬ ಅರ್ಥದ ಮಾತಿನಿಂದ ಈ ಹೆಸರು ಬಂದಿದೆ. 'ರೆಬೋಸೊ ಇಲ್ಲದೆ ಮಾತಾಡು' ಎಂದು ಅವರು ಹೇಳಿದರೆ ಮುಚ್ಚುಮರೆಯಿಲ್ಲದೆ ಹೇಳು ಎಂದರ್ಥ. ನಾನೂ ಈ ಬಟ್ಟೆಯ ಕಥೆಯನ್ನು ರೆಬೋಸೊ ಇಲ್ಲದೆಯೇ ಹೇಳುತ್ತೇನೆ. ಅಜ್ಜ ಅಜ್ಜಿಯರು ಮಗ್ಗುಲಲ್ಲಿ ಕೂತು ಕೇಳಲಿ, ಅವರಿಗೆ ಇದರಲ್ಲಿ ಗೊತ್ತಿರುವ ಸಂಗತಿಗಳೇ ಬಹಳ ಸಿಗುತ್ತವೆ.

ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲೆಡ್ಜರು, ಕ್ಯಾಶ್ ಕೌಂಟರು, ಅರ್ಧವಾರ್ಷಿಕ ಬಡ್ಡಿ, ಇವಿಷ್ಟೇ ನನ್ನ ಪ್ರಪಂಚವಾಗಿತ್ತು. ಗದಗ ದಾಟಿ ಬಹಳ ದೂರ ಹೋದವನಲ್ಲ. ಮಗಳು ಅಳಿಯ ಕಂಪ್ಯೂಟರ್ ಕೆಲಸದವರು, ಕಂಪನಿ ಅವರನ್ನು ಮೆಕ್ಸಿಕೊದ ಕೆರೇತಾರೊ ಎಂಬ ಊರಿಗೆ ಕಳಿಸಿತ್ತು. ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದ ತಂಪು ಊರು. ಅಲ್ಲಿ ನೀರು ತರಲು 18ನೇ ಶತಮಾನದಲ್ಲಿ ಕಟ್ಟಿದ ಕಲ್ಲಿನ ಕಮಾನುಗಳ ಸಾಲು ಇಂದಿಗೂ ನಿಂತಿದೆ. ನಮ್ಮ ಗಡಿಯಾರಕ್ಕೂ ಅವರ ಗಡಿಯಾರಕ್ಕೂ ಹನ್ನೊಂದೂವರೆ ತಾಸಿನ ಅಂತರ. 2023ರಲ್ಲಿ ಮಗಳು ಬಸುರಿಯಾದಳು. ಆಗ ಆಕೆಗೆ ಮೂವತ್ತಾರು ವರ್ಷ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಸಲ. ತವರಿಗೆ ಬರಲು ಆಗಲಿಲ್ಲ, ಹಾಗಾಗಿ ತವರೇ ವಿಮಾನ ಹತ್ತಿತು. ನನ್ನ ಹೆಂಡತಿಯ ಚೀಲದಲ್ಲಿದ್ದದ್ದು ಒಗೆದು ಒಗೆದು ಮೆತ್ತಗಾದ ಎರಡು ಹಳೆಯ ಇಳಕಲ್ಲ ಸೀರೆ, ಒಂದು ಕೌದಿ, ಕೂಸಿಗೆಂದು ಗುಳೇದಗುಡ್ಡದ ಖಣದಲ್ಲಿ ಹೊಲಿದ ಒಂದು ಕುಂಚಿಗೆ. ನನ್ನ ಚೀಲದಲ್ಲಿ ಔಷಧ ಮತ್ತು ಒಂದು ನೋಟ್‌ಬುಕ್ಕು.

ನಾವು ಹೋದಾಗ ಎಂಟನೆಯ ತಿಂಗಳು ನಡೆಯುತ್ತಿತ್ತು. ಮಗಳಿಗೆ ಬೆನ್ನು ನೋವು. ಕೂತರೂ ನೋವು, ನಿಂತರೂ ನೋವು, ರಾತ್ರಿ ಮಗ್ಗುಲು ಬದಲಿಸಲು ಅಳಿಯನ ಕೈ ಬೇಕು. ಆಸ್ಪತ್ರೆಯ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಇದು ಭಾರದ ನೋವು ಎಂದಿದ್ದರು. ಒಂದು ಸಂಜೆ ಮಗಳು ಹೇಳಿದಳು: "ಅಪ್ಪಾ, ನಾಳೆ ಒಬ್ಬ ಅಜ್ಜಿ ಬರ್ತಾರ. ಇಲ್ಲಿಯ ಸೂಲಗಿತ್ತಿ. ರೆಬೋಸೊ ಹಾಕಿ ಹೊಟ್ಟಿ ಭಾರ ಇಳಸ್ತಾರಂತ."

ನನ್ನ ಕೈಯಲ್ಲಿದ್ದ ಚಹಾ ಅಲ್ಲೇ ಉಳಿಯಿತು. ಸೂಲಗಿತ್ತಿ ಎಂಬ ಮಾತು ಕೇಳಿದರೆ ನನಗೆ ನೆನಪಾಗುವುದು ನನ್ನ ಅಕ್ಕ.

ಅದು 1961. ನನಗೆ ಹತ್ತು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಕೂಸು ಹುಟ್ಟಿತು, ಅತ್ತಿತು, ನಾವು ಹುಡುಗರು ಅಂಗಳದಲ್ಲಿ ಕುಣಿದೆವು. ಆಮೇಲೆ ಒಳಗಿನಿಂದ ಬಟ್ಟೆಯ ಮೇಲೆ ಬಟ್ಟೆ ಕೇಳತೊಡಗಿದರು. ಅವ್ವ ತನ್ನ ಸೀರೆಗಳನ್ನೇ ಹರಿದು ಕೊಟ್ಟಳು. ರಕ್ತ ನಿಲ್ಲಲಿಲ್ಲ. ದವಾಖಾನೆ ಹದಿನೆಂಟು ಮೈಲಿ. ಅಪ್ಪ ಬಂಡಿ ಹೂಡುವಷ್ಟರಲ್ಲಿ ಬೆಳಕು ಹರಿದಿತ್ತು, ಬಂಡಿ ಹೊರಡುವ ಅವಶ್ಯಕತೆ ಉಳಿದಿರಲಿಲ್ಲ. ಆ ಸೂಲಗಿತ್ತಿ ಕೆಟ್ಟವಳಲ್ಲ. ನಮ್ಮ ಓಣಿಯ ಅರ್ಧ ಮಕ್ಕಳನ್ನು ಅವಳೇ ಭೂಮಿಗೆ ಇಳಿಸಿಕೊಂಡವಳು, ನನ್ನನ್ನೂ ಸೇರಿಸಿ. ಆದರೆ ತನ್ನ ಕೈಲಾಗದ ಗಳಿಗೆ ಯಾವಾಗ ಬಂತು ಎಂಬುದನ್ನು ಗುರುತಿಸಿ ಹೇಳುವವರು ಆ ರಾತ್ರಿ ಯಾರೂ ಇರಲಿಲ್ಲ. ಗುರುತಿಸಿದ್ದರೂ ಹೋಗಲು ಹತ್ತಿರ ಜಾಗವಿರಲಿಲ್ಲ. ನಮ್ಮ ದೇಶದ 2018-20ರ ಸರ್ಕಾರಿ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 97 ತಾಯಂದಿರ ಸಾವು ಇತ್ತು. ನನ್ನ ಅಕ್ಕನ ಕಾಲದಲ್ಲಿ ಅದು ಇದರ ಎಷ್ಟೋ ಪಟ್ಟು ಇತ್ತು. ಲಕ್ಷಕ್ಕೆ ಇಷ್ಟು ಎಂದು ಬರೆಯುವುದು ನನಗೆ ಅಭ್ಯಾಸ, ಆದರೆ ನಮ್ಮ ಮನೆಯ ಲೆಕ್ಕ ಬೇರೆ. ಅಲ್ಲಿ ಇದ್ದದ್ದು ಒಬ್ಬಳು ಅಕ್ಕ.

ಇದನ್ನು ಮಗಳಿಗೆ ನಾನು ಹಿಂದೆಂದೂ ವಿವರವಾಗಿ ಹೇಳಿರಲಿಲ್ಲ. ಆ ಸಂಜೆಯೂ ಹೇಳಲಿಲ್ಲ, ಬಸುರಿಗೆ ಹೇಳುವ ಮಾತಲ್ಲ ಅದು. "ಡಾಕ್ಟರಮ್ಮನ್ನ ಕೇಳೋಣ" ಎಂದಷ್ಟೇ ಹೇಳಿ ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನೆ ಬರೆದೆ. ಒಂದು, ಈ ಬಟ್ಟೆಯಿಂದ ಮಗುವಿಗೆ ಏನಾದರೂ ಆಗಬಹುದೇ? ಎರಡು, ಯಾವಾಗ ಮಾಡಲೇಬಾರದು? ಮೂರು, ಹೆರಿಗೆ ಆಗುವುದು ಎಲ್ಲಿ?

ಡಾಕ್ಟರಮ್ಮ ನಕ್ಕು, ಅಳಿಯನ ಮೂಲಕ ಉತ್ತರ ಕೊಟ್ಟರು. ಹೆರಿಗೆ ಆಸ್ಪತ್ರೆಯಲ್ಲೇ, ಅದರಲ್ಲಿ ಮಾತಿಲ್ಲ. ಹೊಟ್ಟೆಯನ್ನು ಒತ್ತುವುದು, ಹಿಸುಕುವುದು, ಮಗುವನ್ನು ಕೈಯಿಂದ ತಿರುಗಿಸುವುದು ಬೇಡ, ಮೃದುವಾಗಿ ಎತ್ತಿ ಅಲುಗಿಸುವುದಾದರೆ ಅಡ್ಡಿಯಿಲ್ಲ. ರಕ್ತ ಕಂಡರೆ, ನೀರು ಒಡೆದರೆ, ಮಾಸು ಕೆಳಗೆ ಕೂತಿದ್ದರೆ, ದಿನ ತುಂಬುವ ಮೊದಲೇ ನೋವು ಶುರುವಾದರೆ ಬಟ್ಟೆ ಮುಟ್ಟದೆ ನೇರ ಆಸ್ಪತ್ರೆಗೆ ಬರಬೇಕು. ಮಗಳಿಗೆ 'ಸಾಕು' ಎನಿಸಿದ ಕ್ಷಣ ನಿಲ್ಲಿಸಬೇಕು. ಇನ್ನೊಂದು ಮಾತನ್ನೂ ಸೇರಿಸಿದರು: ಇದು ಚಿಕಿತ್ಸೆಯಲ್ಲ, ಆರಾಮ. ನಾನು ಮೂರೂ ಉತ್ತರದ ಮುಂದೆ ಟಿಕ್ ಹಾಕಿದೆ.

ಮರುದಿನ ಆ ಅಜ್ಜಿ ಬಂದರು. ನನ್ನದೇ ವಯಸ್ಸು ಇರಬಹುದು, ಗಿಡ್ಡ ಮೈಕಟ್ಟು, ಎರಡು ಜಡೆ. ಎಲ್ಲರೂ ಅವರನ್ನು ದೋನ್ಯಾ ಎಂದು ಕರೆಯುತ್ತಿದ್ದರು. ನಮ್ಮಲ್ಲಿ ಹೆಸರಿನ ಮುಂದೆ 'ಅವ್ವಾರು' ಎಂದು ಸೇರಿಸುತ್ತೇವಲ್ಲ, ಅಂಥದೊಂದು ಗೌರವದ ಮಾತು. ಬಂದವರು ಮೊದಲು ಕೈ ತೊಳೆದರು. ಆಮೇಲೆ ಮಗಳ ಮುಂದೆ ಕೂತು ಅರ್ಧ ತಾಸು ಬರೀ ಮಾತಾಡಿದರು, ಬಟ್ಟೆಯನ್ನು ಚೀಲದಿಂದ ತೆಗೆಯಲೇ ಇಲ್ಲ. ಎಲ್ಲಿ ನೋವು, ಯಾವ ಹೊತ್ತಿಗೆ, ಡಾಕ್ಟರು ಏನಂದರು, ಸ್ಕ್ಯಾನಿಂಗ್ ಕಾಗದ ಎಲ್ಲಿ. ಕಾಗದ ಕೇಳಿದ್ದು ನನಗೆ ಬಹಳ ಸೇರಿತು. ಕಾಗದ ನೋಡದೆ ಸಾಲ ಕೊಡುವವನನ್ನೂ, ಕಾಗದ ನೋಡದೆ ಮೈ ಮುಟ್ಟುವವರನ್ನೂ ನಾನು ನಂಬುವುದಿಲ್ಲ.

ಆಮೇಲೆ ಮಗಳನ್ನು ನೆಲದ ಮೇಲೆ ಮೆತ್ತೆ ಹಾಕಿ ಮಂಡಿಯೂರಿಸಿದರು. ಮುಂದೆ ಕುರ್ಚಿ, ಅದರ ಮೇಲೆ ದಿಂಬು, ದಿಂಬಿನ ಮೇಲೆ ಆಕೆಯ ತಲೆ ಮತ್ತು ಕೈ. ರೆಬೋಸೊವನ್ನು ಸುರುಕಿಲ್ಲದಂತೆ ಬಿಡಿಸಿ ಹೊಟ್ಟೆಯ ಅಡಿಗೆ ಜೋಲಿಯ ಹಾಗೆ ಹಾಯಿಸಿದರು. ಎರಡೂ ತುದಿ ಮಗಳ ಬೆನ್ನ ಮೇಲೆ ದೋನ್ಯಾ ಅವರ ಕೈಯಲ್ಲಿ. ಮೆಲ್ಲಗೆ ಮೇಲೆತ್ತಿದರು, ಬಹಳ ಅಲ್ಲ, ನಾಲ್ಕು ಬೆರಳಿನಷ್ಟೂ ಇರಲಿಕ್ಕಿಲ್ಲ. ಹಾಗೇ ಹಿಡಿದು ಸ್ವಲ್ಪ ಹೊತ್ತು ನಿಂತರು. ಮಗಳ ಬಾಯಿಂದ ಒಂದು ಉದ್ದನೆಯ ಉಸಿರು ಬಂತು. ನಂತರ ಎಡಗೈ ಬಲಗೈ ಒಂದಾದ ಮೇಲೊಂದರಂತೆ ಸಣ್ಣ ಸಣ್ಣದಾಗಿ ಆಡಿಸತೊಡಗಿದರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ತಡೆಯಲಾರದೆ ಅಂದಳು: "ಏನ್ರೀ, ಇದು ಜ್ವಾಳದ ಹಿಟ್ಟು ಸಾಣಿಗಿ ಹಿಡದಂಗ ಐತಲ್ರೀ!"

ಅಳಿಯ ಇದನ್ನು ಸ್ಪ್ಯಾನಿಷಿಗೆ ಮಾಡಿ ಹೇಳಿದ. ದೋನ್ಯಾ ಕೈ ನಿಲ್ಲಿಸದೆ ನಕ್ಕರು. ಅಲ್ಲಿಯ ಅಜ್ಜಿಯರೂ ಹೊಸಬರಿಗೆ ಕಲಿಸುವಾಗ ಹಿಟ್ಟು ಜರಡಿ ಹಿಡಿದಂತೆ ಎಂದೇ ಹೇಳುತ್ತಾರಂತೆ. ಇದಕ್ಕೆ ಅವರ ಮಾತಿನಲ್ಲಿ ಮಾಂತೆಯಾದಾ ಎನ್ನುತ್ತಾರೆ. ನಾಲ್ಕೈದು ನಿಮಿಷ, ಆಮೇಲೆ ವೇಗ ಕಡಿಮೆ ಮಾಡುತ್ತ ಮಾಡುತ್ತ ನಿಂತು, ಎತ್ತಿದ ಭಾರವನ್ನು ಅಷ್ಟೇ ಮೆಲ್ಲಗೆ ಇಳಿಸಿದರು. ಒಮ್ಮೆಲೇ ಬಿಡಬಾರದು. ಮಗಳು ಕುರ್ಚಿಯ ದಿಂಬಿನ ಮೇಲೆ ಹಾಗೇ ನಿದ್ದೆ ಹೋಗಿದ್ದಳು.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ವಿಜ್ಞಾನ ಓದುವ ಮಕ್ಕಳು ಕೇಳಬಹುದು. ಗರ್ಭಕೋಶವನ್ನು ಸೊಂಟದ ಎಲುಬುಗಳಿಗೆ ಹಿಡಿದಿಡುವ ಹುರಿಗಳಂಥ ನಾರುಗಳಿವೆ. ತಿಂಗಳು ತುಂಬಿದಂತೆ ಇವು ಎಳೆದು ಬಿಗಿಯಾಗುತ್ತವೆ, ಬೆನ್ನಿನ ಸ್ನಾಯುಗಳೂ ಸದಾ ಬಿಗಿದೇ ಇರುತ್ತವೆ. ಕೊಡ ಹೊತ್ತ ಹುಡುಗಿಯ ಕೊಡವನ್ನು ಯಾರೋ ಒಂದು ಗಳಿಗೆ ಹಿಡಿದುಕೊಂಡರೆ ಅವಳ ಕುತ್ತಿಗೆಗೆ ಹೇಗೆ ಹಗುರವೋ, ಹಾಗೆ. ಬಟ್ಟೆ ಭಾರ ಹೊತ್ತಾಗ ನಾರು, ಸ್ನಾಯು ಸಡಿಲುತ್ತವೆ. ಸಣ್ಣ ಅಲುಗಾಟಕ್ಕೆ ಇನ್ನಷ್ಟು ಸಡಿಲುತ್ತವೆ. ಒಳಗಿನ ಮಗುವಿಗೂ ಮಗ್ಗುಲಾಗಲು ಸ್ವಲ್ಪ ಜಾಗ ಸಿಗುತ್ತದೆ ಎಂದು ಸೂಲಗಿತ್ತಿಯರು ಹೇಳುತ್ತಾರೆ. ಈಗ ಡೆನ್ಮಾರ್ಕಿನಂಥ ದೂರದ ದೇಶದ ಆಸ್ಪತ್ರೆಗಳಲ್ಲೂ ನರ್ಸುಗಳು, ಸೂಲಗಿತ್ತಿಯರು ಇದನ್ನು ಕಲಿತು ಬಳಸುತ್ತಿದ್ದಾರೆ. ಆದರೆ ಇದರಿಂದ ಹೆರಿಗೆ ಸಲೀಸಾಗಿಯೇ ಆಗುತ್ತದೆ ಎಂದು ಯಾರಾದರೂ ಖಾತ್ರಿ ಕೊಟ್ಟರೆ ನಂಬಬೇಡಿ. ಬಡ್ಡಿ ಎರಡು ಪಟ್ಟು ಕೊಡುತ್ತೇನೆ ಎನ್ನುವ ಚಿಟ್ ಫಂಡಿನವನ ಮಾತಿನಂತೆ ಅದು.

ವಾರಕ್ಕೆ ಎರಡು ಸಲ ದೋನ್ಯಾ ಬರತೊಡಗಿದರು. ಬೆನ್ನು ನೋವು ಹೋಗಲಿಲ್ಲ. ಆದರೆ ಅವರು ಬಂದು ಹೋದ ರಾತ್ರಿ ಮಗಳು ನಿದ್ದೆ ಮಾಡುತ್ತಿದ್ದಳು, ನಾವೂ ಮಾಡುತ್ತಿದ್ದೆವು.

ಒಂದು ಭಾನುವಾರ ಮಗಳನ್ನು ಗೆಳತಿಯ ಜೊತೆ ಬಿಟ್ಟು ಅಳಿಯ ನಮ್ಮಿಬ್ಬರನ್ನು ಸಾಂತಾ ಮರಿಯಾ ದೆಲ್ ರಿಯೊ ಎಂಬ ಊರಿಗೆ ಕರೆದೊಯ್ದ. ಸಾನ್ ಲೂಯಿಸ್ ಪೊತೊಸಿ ರಾಜ್ಯದಲ್ಲಿದೆ, ಕೆರೇತಾರೊದಿಂದ ಉತ್ತರಕ್ಕೆ ಕಾರಿನಲ್ಲಿ ಎರಡು ತಾಸಿನ ಮೇಲೆ. ನಮಗೆ ಇಳಕಲ್ಲು ಹೇಗೋ ಮೆಕ್ಸಿಕೊದವರಿಗೆ ರೆಬೋಸೊ ಎಂದರೆ ಈ ಊರು. ರೇಷ್ಮೆಯ ರೆಬೋಸೊ ಇಲ್ಲಿಯದೇ ಪ್ರಸಿದ್ಧ. ಹತ್ತಿಯದಕ್ಕೆ ಇನ್ನೊಂದು ಊರಿದೆ, ತೆನಾನ್ಸಿಂಗೊ. ಸಾಂತಾ ಮರಿಯಾದಲ್ಲಿ 1953ರಲ್ಲಿ ರೆಬೋಸೊ ನೇಯಲು ಕಲಿಸುವುದಕ್ಕೆಂದೇ ಒಂದು ಶಾಲೆ ತೆರೆದರು, ಹಳಬರ ಜೊತೆ ವಿದ್ಯೆಯೂ ಮಣ್ಣಾಗಬಾರದೆಂದು.

ನೇಕಾರರ ಓಣಿಯಲ್ಲಿ ಬೆಳೆದವನು ನಾನು, ಮಗ್ಗದ ಸದ್ದು ಕೇಳದೆ ನಿದ್ದೆ ಬರದ ಕಾಲವೂ ಇತ್ತು. ನಮ್ಮದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ನೇಯುವುದು. ಅಲ್ಲಿ ಕಂಡದ್ದು ಬೇರೆ ತರಹ. ಹಾಸಿನ ಒಂದು ತುದಿ ಕಂಬಕ್ಕೆ ಕಟ್ಟಿದೆ, ಇನ್ನೊಂದು ತುದಿ ನೇಯುವವಳ ಸೊಂಟಕ್ಕೆ ಪಟ್ಟಿಯಿಂದ ಬಿಗಿದಿದೆ. ಹಿಂದಕ್ಕೆ ವಾಲಿದರೆ ಎಳೆ ಬಿಗಿ, ಮುಂದಕ್ಕೆ ಬಾಗಿದರೆ ಸಡಿಲು. ಮಗ್ಗದ ಚೌಕಟ್ಟೇ ಇಲ್ಲ, ನೇಯುವವಳ ಮೈಯೇ ಮಗ್ಗ. ನನ್ನ ಹೆಂಡತಿ ಬಹಳ ಹೊತ್ತು ನೋಡಿ, "ಪಾಪ, ಇಕೀ ಟೊಂಕಾ ಎಷ್ಟ ನೋಯ್ತದೋ" ಎಂದಳು. ಸೊಂಟ ನೋಯಿಸಿಕೊಂಡು ನೇಯ್ದ ಬಟ್ಟೆ ಇನ್ನೊಬ್ಬಳ ಸೊಂಟ ನೋವಿಗೆ ಹೋಗುತ್ತದೆ.

ಬಣ್ಣದ ಕೆಲಸ ಇನ್ನೂ ಸೊಗಸು. ನೇಯ್ದ ಮೇಲೆ ಬಣ್ಣ ಹಾಕುವುದಲ್ಲ. ನೇಯುವ ಮೊದಲೇ ಹಾಸಿನ ಎಳೆಗಳನ್ನು ಲೆಕ್ಕ ಹಾಕಿ ಗುಂಪು ಮಾಡಿ, ಬೇಕಾದ ಕಡೆ ದಾರದಿಂದ ಬಿಗಿದು ಕಟ್ಟಿ, ಬಣ್ಣದಲ್ಲಿ ಅದ್ದುತ್ತಾರೆ. ಕಟ್ಟಿದ ಜಾಗಕ್ಕೆ ಬಣ್ಣ ಹಿಡಿಯುವುದಿಲ್ಲ. ಬಿಚ್ಚಿ ಮಗ್ಗಕ್ಕೇರಿಸಿದಾಗ ನೀರಿನಲ್ಲಿ ನೆರಳು ಅಲುಗಿದಂಥ ಚಿತ್ತಾರ ಮೂಡುತ್ತದೆ. ಅವರು ಇದನ್ನು ಹಾಸ್ಪೆ ಎನ್ನುತ್ತಾರೆ. ನಮ್ಮ ದೇಶದಲ್ಲಿ ಪಾಟಣದ ಪಟೋಲಾ, ತೆಲಂಗಾಣದ ಪೋಚಂಪಲ್ಲಿ ಸೀರೆಗಳದ್ದೂ ಎಳೆ ಕಟ್ಟಿ ಬಣ್ಣ ಹಾಕುವ ಇದೇ ವಿದ್ಯೆ. ಒಂದು ಎಳೆ ಸರಿದರೆ ಚಿತ್ತಾರ ಕೆಟ್ಟಿತು. ರೂಪಾಯಿ ಪೈಸೆ ಟ್ಯಾಲಿ ಆಗುವವರೆಗೆ ಮನೆಗೆ ಹೋಗದಿದ್ದ ನನಗೆ ಆ ಎಳೆ ಎಣಿಸುವವರ ಕಷ್ಟ ಚೆನ್ನಾಗಿ ಅರ್ಥವಾಯಿತು.

ಕೊನೆಯ ಕೆಲಸ ಕುಚ್ಚಿನದು. ನಮ್ಮಲ್ಲಿ ಸೀರೆ ಸೆರಗಿಗೆ ಕುಚ್ಚು ಕಟ್ಟುವಂತೆ ರೆಬೋಸೊವಿನ ಎರಡೂ ತುದಿಯ ಬಿಡಿ ಎಳೆಗಳನ್ನು ಗಂಟು ಹಾಕಿ ಹಾಕಿ ಜಾಲರಿ ಮಾಡುತ್ತಾರೆ. ಮನೆಮನೆಯಲ್ಲಿ ಹೆಂಗಸರು ಮಾಡುವ ಕೆಲಸ. ಸೂಜಿ ಇಲ್ಲ, ಬರೀ ಬೆರಳು. ನೇಯಲು ಹಿಡಿದ ಕಾಲಕ್ಕಿಂತ ಗಂಟು ಹಾಕಲು ಹಿಡಿಯುವ ಕಾಲವೇ ಕೆಲವೊಮ್ಮೆ ಹೆಚ್ಚು. ನನ್ನ ಹೆಂಡತಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಆ ಹೆಣ್ಣುಮಗಳಿಗೆ ಕನ್ನಡ ಬಾರದು, ನಮ್ಮಾಕೆಗೆ ಸ್ಪ್ಯಾನಿಷ್ ಬಾರದು, ಒಂದು ತಾಸು ಇಬ್ಬರೂ ಒಂದೇ ಎಳೆ ಹಿಡಿದು ಮಾತಾಡಿದರು. ನಾನು ಅಳಿಯ ಹೊರಗೆ ಜೋಳದ ಬಿಸಿ ರೊಟ್ಟಿ ತಿಂದೆವು. ಅಲ್ಲಿಯದು ಗೋವಿನಜೋಳ, ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬಿದ್ದು.

ಅಂಗಡಿಯವನು ಒಂದು ರೇಷ್ಮೆ ರೆಬೋಸೊವನ್ನು ತನ್ನ ಬೆರಳಿನ ಉಂಗುರದೊಳಗೆ ತೂರಿಸಿ ಪೂರ್ತಿ ಎಳೆದು ತೋರಿಸಿದ. ಅಷ್ಟು ನಯ. ಅದನ್ನಿಡಲು ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸಿ ಮಾಡಿದ ಪೆಟ್ಟಿಗೆ ಬೇರೆ. ಬೆಲೆ ಕೇಳಿ ನಾನು ಅಳಿಯನ ಮುಖ ನೋಡಿದೆ, ಅಳಿಯ ಗೋಡೆ ನೋಡಿದ. ಹೆರಿಗೆಗೆ ರೇಷ್ಮೆ ಬೇಡವೇ ಬೇಡ ಎಂದು ದೋನ್ಯಾ ಮೊದಲೇ ಹೇಳಿದ್ದರು, ಅದು ಜಾರುತ್ತದೆ. ಗಟ್ಟಿ ನೇಯ್ಗೆಯ, ಹಿಗ್ಗದ ಹತ್ತಿಯದೇ ಬೇಕು. ಕಡುನೀಲಿಯದೊಂದನ್ನು ಕೊಂಡೆವು.

ಈ ಬಟ್ಟೆ ಹುಟ್ಟಿದ್ದು ಮೂರು ಕಡೆಯ ನೀರು ಸೇರಿ. ಬೆನ್ನಿಗೆ ಬಟ್ಟೆ ಕಟ್ಟಿ ಕೂಸನ್ನೂ ಸರಕನ್ನೂ ಹೊರುವ ರೂಢಿ ಅಲ್ಲಿಯ ಮೂಲ ಜನರದು. ತಲೆ ಮುಚ್ಚಿಕೊಳ್ಳುವ ರೂಢಿ ಸ್ಪೇನಿನವರದು. ಮೂರನೆಯದು ನಮ್ಮ ಕಡೆಯಿಂದ ಸಮುದ್ರ ದಾಟಿ ಹೋದದ್ದು. 1565ರಿಂದ 1815ರವರೆಗೆ, ಎರಡೂವರೆ ಶತಮಾನ, ಫಿಲಿಪೀನ್ಸಿನ ಮನಿಲಾದಿಂದ ಮೆಕ್ಸಿಕೊದ ಅಕಾಪುಲ್ಕೊ ಬಂದರಿಗೆ ಹಾಯಿಹಡಗು ಓಡಾಡುತ್ತಿತ್ತು. ಚೀನಾದ ರೇಷ್ಮೆ, ಭಾರತದ ಹತ್ತಿಬಟ್ಟೆ ಅದರಲ್ಲಿ ಹೋದವು. ಎಳೆ ಕಟ್ಟಿ ಬಣ್ಣ ಹಾಕುವ ವಿದ್ಯೆಯೂ ಏಷ್ಯಾದಿಂದಲೇ ಅಲ್ಲಿಗೆ ಮುಟ್ಟಿರಬೇಕೆಂದು ಹಲವರು ಹೇಳುತ್ತಾರೆ. ಆ ಹಡಗಿನಲ್ಲಿ ಬಟ್ಟೆ ಮಾತ್ರವಲ್ಲ, ಮನುಷ್ಯರನ್ನೂ ಸರಕಿನಂತೆ ಸಾಗಿಸಿದರು. ಮೀರಾ ಎಂಬ ಹೆಸರಿನ ಒಬ್ಬ ಹುಡುಗಿಯನ್ನು ನಮ್ಮ ದೇಶದ ಕರಾವಳಿಯಿಂದ ಕದ್ದು, ಕೊಚ್ಚಿ, ಮನಿಲಾ ದಾಟಿಸಿ, ಗುಲಾಮಳಾಗಿ ಮೆಕ್ಸಿಕೊದ ಪ್ವೆಬ್ಲಾ ನಗರಕ್ಕೆ ಒಯ್ದು ಮಾರಿದರು. ಅಲ್ಲಿ ಆಕೆಯನ್ನು ಕತರೀನಾ ದೆ ಸಾನ್ ಹ್ವಾನ್ ಎಂದು ಕರೆದರು. ಭಕ್ತೆಯಾಗಿ ಬಾಳಿ 1688ರಲ್ಲಿ ತೀರಿಕೊಂಡಳು. ಇಂದಿಗೂ ಅಲ್ಲಿಯ ಹೆಣ್ಣುಮಕ್ಕಳು ಹಬ್ಬದ ಕುಣಿತಕ್ಕೆ ತೊಡುವ ಅಂದದ ಉಡುಪಿಗೆ 'ಚೀನಾ ಪೋಬ್ಲಾನಾ' ಎಂಬ ಹೆಸರು ಆಕೆಯಿಂದಲೇ ಬಂತೆಂದು ಹೇಳುತ್ತಾರೆ. ಏಷ್ಯಾದಿಂದ ಬಂದವರೆಲ್ಲ ಅವರಿಗೆ ಚೀನಾದವರೇ. ಆ ಉಡುಪಿನ ಮೇಲೂ ಒಂದು ರೆಬೋಸೊ ಇದ್ದೇ ಇರುತ್ತದೆ.

1794ರಲ್ಲಿ ಅಲ್ಲಿಯ ಸ್ಪ್ಯಾನಿಷ್ ವೈಸ್‌ರಾಯ್ ಬರೆದ ವರದಿಯಲ್ಲಿ, ಸನ್ಯಾಸಿನಿಯರಿಂದ ಹಿಡಿದು ದೊಡ್ಡ ಮನೆತನದ ಹೆಂಗಸರು, ಕಡುಬಡವರವರೆಗೆ ಎಲ್ಲರೂ ಇದನ್ನು ಹೊದೆಯುತ್ತಾರೆಂಬ ಮಾತಿದೆ. 1910ರಲ್ಲಿ ಕ್ರಾಂತಿ ಆರಂಭವಾದಾಗ ಸೈನ್ಯದ ಜೊತೆ ನಡೆದ ಹೆಂಗಸರು ಅದೇ ರೆಬೋಸೊದಲ್ಲಿ ಕೂಸನ್ನೂ ಕಟ್ಟಿಕೊಂಡರು, ಮದ್ದುಗುಂಡನ್ನೂ ಸಾಗಿಸಿದರು. ಫ್ರೀಡಾ ಕಾಲೋ ಎಂಬ ಚಿತ್ರಗಾರ್ತಿಯ ಫೋಟೊ ಎಲ್ಲಾದರೂ ಸಿಕ್ಕರೆ ಹೆಗಲು ನೋಡಿ.

ಇನ್ನು ಹೆರಿಗೆಯ ಮಾತು. ದಿನ ತುಂಬಿತ್ತು. ಒಂದು ರಾತ್ರಿ ಒಂಬತ್ತಕ್ಕೆ ನೋವು ಬಂತು, ಹನ್ನೊಂದಕ್ಕೆ ಆಸ್ಪತ್ರೆ ಸೇರಿದೆವು. ಅಳಿಯನಿಗೂ ದೋನ್ಯಾ ಅವರಿಗೂ ಒಳಗೆ ಬಿಟ್ಟರು. ನಾವಿಬ್ಬರು ಹೊರಗಿನ ಬೆಂಚಿನಲ್ಲಿ. ಅಳಿಯ ಆಗಾಗ ಬಂದು ಹೇಳುತ್ತಿದ್ದ, ನಾನು ನೋಟ್‌ಬುಕ್ಕಿನಲ್ಲಿ ಗಂಟೆ ಬರೆದುಕೊಳ್ಳುತ್ತಿದ್ದೆ. ಬರೆದರೆ ಏನಾಗುತ್ತದೆ ಎಂದು ಹೆಂಡತಿ ಕೇಳಲಿಲ್ಲ. ಆಕೆ ಕುಂಚಿಗೆಯ ಅಂಚನ್ನು ತಿಕ್ಕುತ್ತ ಕೂತಿದ್ದಳು.

ಮಗುವಿನ ಬೆನ್ನು ತಾಯಿಯ ಬೆನ್ನಿನ ಕಡೆಗಿತ್ತಂತೆ. ಹಾಗಿದ್ದಾಗ ನೋವೆಲ್ಲ ಬೆನ್ನಿಗೇ ಬರುತ್ತದೆ. ಪ್ರತಿ ನೋವಿಗೂ ದೋನ್ಯಾ ರೆಬೋಸೊವನ್ನು ಮಗಳ ಸೊಂಟದ ಸುತ್ತ ಹಾಯಿಸಿ, ಎರಡೂ ತುದಿಯನ್ನು ಅಡ್ಡಡ್ಡ ಎಳೆದು ಬಿಗಿ ಹಿಡಿಯುತ್ತಿದ್ದರು. ಸೊಂಟ ಹರಿದುಹೋಗುತ್ತಿದೆ ಎನ್ನಿಸುವ ಹೊತ್ತಿಗೆ ಎರಡೂ ಕಡೆಯಿಂದ ಯಾರೋ ಕೂಡಿಸಿ ಹಿಡಿದಂತೆ. ನೋವು ಇಳಿದಾಗ ಬಟ್ಟೆಯೂ ಸಡಿಲು. ಮಧ್ಯೆ ಮಧ್ಯೆ ಮಂಡಿಯೂರಿಸಿ ಆ ಸಾಣಿಗೆಯ ಆಟ. ಬೆಳಗಿನ ಜಾವ ಅಳಿಯನ ಹೆಗಲ ಮೇಲೆ ರೆಬೋಸೊ ಹಾಕಿ, ಎರಡೂ ತುದಿ ಮಗಳ ಕೈಗೆ ಕೊಟ್ಟು, ಜೋತು ಬೀಳು ಎಂದರಂತೆ. ನಮ್ಮ ಹಳೆಯ ಮನೆಗಳಲ್ಲೂ ಜಂತೆಗೆ ಹಗ್ಗ ಕಟ್ಟಿ ಹೆರುವವಳ ಕೈಗೆ ಕೊಡುತ್ತಿದ್ದರು ಎಂದು ನನ್ನ ಹೆಂಡತಿ ಹೇಳಿದಳು. ಒಮ್ಮೆ ಬಾಗಿಲು ತೆರೆದಾಗ ಒಳಗಿನಿಂದ ಮಗಳ ನಗು ಕೇಳಿತು. ನನಗೆ ನಂಬಿಕೆಯಾಗಲಿಲ್ಲ. ಅಳಿಯ ಹೇಳಿದ: "ಮಾವಾ, ನನ್ನ ಹೆಗಲು ಹೋಯ್ತು, ಅದಕ್ಕ ನಗಾಕ್ಹತ್ಯಾಳ."

ಬೆಳಗ್ಗೆ ಹತ್ತೂವರೆಗೆ ಅಳಿಯ ಬಂದಾಗ ಮುಖದಲ್ಲಿ ನಗುವಿರಲಿಲ್ಲ. ಮಗುವಿನ ಎದೆಬಡಿತ ಇಳಿಯುತ್ತಿದೆ. ಒಮ್ಮೆ ಇಳಿದು ಏರಿತು, ಮತ್ತೆ ಇಳಿಯಿತು. ಡಾಕ್ಟರಮ್ಮ ಯಂತ್ರದ ಕಾಗದ ನೋಡುತ್ತಿದ್ದರಂತೆ, ಇನ್ನೂ ಏನೂ ಹೇಳಿರಲಿಲ್ಲ. ಅಷ್ಟರಲ್ಲಿ ದೋನ್ಯಾ ಮಗಳ ಸೊಂಟದಿಂದ ರೆಬೋಸೊ ಬಿಡಿಸಿದರು, ನಾಲ್ಕು ಮಡಿಕೆ ಮಾಡಿದರು, ಮೇಜಿನ ಮೇಲಿಟ್ಟು ಹಿಂದೆ ಸರಿದು ಡಾಕ್ಟರಿಗೆ ಜಾಗ ಬಿಟ್ಟರು. ಒಂದು ಮಾತೂ ಆಡಲಿಲ್ಲವಂತೆ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಆಪರೇಷನ್ ಆಗಿ ಹೆಣ್ಣುಮಗು ಹುಟ್ಟಿತು. ಎರಡು ಕಿಲೊ ಒಂಬೈನೂರು ಗ್ರಾಂ. ತಾಯಿ ಮಗು ಇಬ್ಬರೂ ಕ್ಷೇಮ ಎಂದು ಬರೆದ ಸಾಲು ನನ್ನ ನೋಟ್‌ಬುಕ್ಕಿನಲ್ಲಿ ಸ್ವಲ್ಪ ಸೊಟ್ಟಗಿದೆ.

ಆ ಬಟ್ಟೆ ಮಡಿಚಿಟ್ಟ ಸಂಗತಿಯನ್ನು ಅಳಿಯನ ಬಾಯಿಂದ ನಾನು ಮೂರು ಸಲ ಹೇಳಿಸಿಕೊಂಡೆ. ಅಂದು ಸಂಜೆ ಬೆಂಚಿನ ಮೇಲೆ ದೋನ್ಯಾ ಅವರ ಪಕ್ಕ ಕೂತು, ಅಳಿಯನ ಮೂಲಕ, ನನ್ನ ಅಕ್ಕನ ಕಥೆ ಹೇಳಿದೆ. ಅವರು ಕೇಳಿ ಮುಗಿಸಿ ನನ್ನ ಅಕ್ಕನ ಹೆಸರು ಕೇಳಿದರು. ಹೇಳಿದೆ. ಅವರ ಬಾಯಲ್ಲಿ ಆ ಹೆಸರು ಬೇರೆಯೇ ಆಗಿ ಕೇಳಿಸಿತು. ಅರವತ್ತು ವರ್ಷದ ಮೇಲೆ ಮನೆಯವರಲ್ಲದವರು ಯಾರೋ ಆ ಹೆಸರು ಹೇಳಿದ್ದು ಅದೇ ಮೊದಲು.

ಬಾಣಂತನದ ವಿಷಯದಲ್ಲಿ ಮಾತ್ರ ಇಬ್ಬರು ಅಜ್ಜಿಯರಿಗೆ ಸ್ವಲ್ಪ ಜಗಳ ಆಯಿತು. ಮೆಕ್ಸಿಕೊದಲ್ಲೂ ಬಾಣಂತನ ನಲವತ್ತು ದಿನ. ಅದನ್ನು ಕ್ವಾರೆಂತೆನಾ ಎನ್ನುತ್ತಾರೆ. ಕೊರೊನಾ ಕಾಲದಲ್ಲಿ ನೀವೆಲ್ಲ ಕೇಳಿ ಕೇಳಿ ಬೇಸತ್ತ ಕ್ವಾರಂಟೈನ್ ಇದರದೇ ದಾಯಾದಿ, ಎರಡರ ಮೂಲವೂ ನಲವತ್ತು ಎಂಬ ಎಣಿಕೆ. ಬಾಣಂತಿ ಥಂಡಿಯಲ್ಲಿ ಕೂರಬಾರದು, ಭಾರ ಎತ್ತಬಾರದು, ಕಿವಿ ತಲೆ ಬೆಚ್ಚಗಿರಬೇಕು. ನಮ್ಮಲ್ಲಿ ಅಂಟಿನ ಉಂಡಿ, ಅಳವಿ ಪಾಯಸ, ಅವರಲ್ಲಿ ಆತೋಲೆ ಎಂಬ ಗೋವಿನಜೋಳದ ಬಿಸಿ ಗಂಜಿ. ಇಷ್ಟರವರೆಗೆ ಇಬ್ಬರೂ ಒಂದೇ. ನಮ್ಮಾಕೆ ಹಳೆಯ ಇಳಕಲ್ಲ ಸೀರೆ ತೆಗೆದು ಹೊಟ್ಟೆ ಕಟ್ಟಲು ಹೊರಟಾಗ ದೋನ್ಯಾ ಕೈ ಅಡ್ಡ ಹಿಡಿದರು. ಹೊಲಿಗೆಯ ಗಾಯ ಮಾಗಬೇಕು, ಡಾಕ್ಟರು ಹೂಂ ಅನ್ನಬೇಕು, ಅಲ್ಲಿಯವರೆಗೆ ಬಿಗಿಯುವ ಮಾತಿಲ್ಲ ಎಂದರು. "ನಾ ಎಷ್ಟ ಬಾಣಂತ್ಯಾರನ್ನ ನೋಡೇನಿ, ಇಕೀಗೇನ ಗೊತ್ತು" ಎಂದು ನಮ್ಮಾಕೆ ಕನ್ನಡದಲ್ಲಿ, ಅವರೇನೋ ಸ್ಪ್ಯಾನಿಷಿನಲ್ಲಿ. ಅನುವಾದ ಮಾಡಬೇಡ ಎಂದು ಅಳಿಯನಿಗೆ ಕಣ್ಣು ಹೊಡೆದೆ. ಸಾಯಂಕಾಲ ಡಾಕ್ಟರಮ್ಮ ದೋನ್ಯಾ ಹೇಳಿದ್ದೇ ಸರಿ ಎಂದರು. ಸೀರೆ ಕೂಸಿನ ಜೋಲಿಯಾಯಿತು, ಜಗಳ ಅಲ್ಲಿಗೆ ಮುಗಿಯಿತು.

ಎರಡು ತಿಂಗಳ ಮೇಲೆ, ಗಾಯ ಪೂರ್ತಿ ಮಾಗಿ ಡಾಕ್ಟರು ಒಪ್ಪಿದ ನಂತರ, ದೋನ್ಯಾ ಬಂದು 'ಮುಚ್ಚುವ' ಕಾರ್ಯ ಮಾಡಿದರು. ಹೆರಿಗೆಯಲ್ಲಿ ಹೆಣ್ಣಿನ ಮೈ ತೆರೆದುಕೊಳ್ಳುತ್ತದೆ, ಮತ್ತೆ ಮುಚ್ಚಿ ಕೊಡಬೇಕು ಎಂಬುದು ಅವರ ತಿಳಿವಳಿಕೆ. ಮಗಳನ್ನು ನಮ್ಮ ಕೌದಿಯ ಮೇಲೆ ಅಂಗಾತ ಮಲಗಿಸಿ, ತಲೆ, ಹೆಗಲು, ಎದೆ, ಸೊಂಟ, ತೊಡೆ, ಹೀಗೆ ಪಾದದವರೆಗೆ ಒಂದೊಂದೇ ಕಡೆ ರೆಬೋಸೊ ಸುತ್ತಿ, ಅಡ್ಡಡ್ಡ ಎಳೆದು, ಸ್ವಲ್ಪ ಹೊತ್ತು ಹಿಡಿದು ಬಿಟ್ಟರು. ಒಂದು ತುದಿ ದೋನ್ಯಾ ಕೈಯಲ್ಲಿ, ಇನ್ನೊಂದು ನಮ್ಮಾಕೆಯ ಕೈಯಲ್ಲಿ. ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲ. ಮಗಳು ನಡುವೆ ಬಹಳ ಅತ್ತಳಂತೆ. ಯಾಕೆ ಎಂದು ಯಾರೂ ಕೇಳಲಿಲ್ಲ, ಸುಮ್ಮನಿರು ಎಂದೂ ಹೇಳಲಿಲ್ಲ. ಎದ್ದ ಮೇಲೆ ಹಸಿವೆ ಎಂದಳು.

ನಮ್ಮಲ್ಲೂ ಇಂಥ ಕೈಗಳು ಇರಲಿಲ್ಲವೆಂದಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ಅಜ್ಜಿಯರಿಗೆ ಗೊತ್ತಿರುತ್ತದೆ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ದುಡ್ಡು ಕೇಳಿದವರಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅಂಥವರ ಬೆರಳಿಗೆ ಗೊತ್ತಿದ್ದದ್ದರಲ್ಲಿ ಎಷ್ಟನ್ನು ಯಾರು ಬರೆದಿಟ್ಟಿದ್ದಾರೋ ಎಂದು ಸಾಂತಾ ಮರಿಯಾದ ಶಾಲೆ ನೋಡಿದಾಗಿನಿಂದ ಯೋಚಿಸುತ್ತಿದ್ದೇನೆ. ಒಂದು ಮಾತು ಮಾತ್ರ ಅಜ್ಜಿಯರಿಗೆ ಕೈಮುಗಿದು ಹೇಳುತ್ತೇನೆ. ಇದನ್ನು ಓದಿ ಮನೆಯ ಸೀರೆ ತೆಗೆದುಕೊಂಡು ಮಗಳ ಮೇಲೆ, ಸೊಸೆಯ ಮೇಲೆ ಪ್ರಯೋಗ ಮಾಡಬೇಡಿ. ಕಲಿತವರ ಕೈ ಬೇಕು, ಡಾಕ್ಟರ ಒಪ್ಪಿಗೆ ಬೇಕು. ಆ ಎರಡೂ ಇಲ್ಲದಿದ್ದರೆ ಬೆನ್ನಿಗೆ ದಿಂಬು ಕೊಟ್ಟು ಕಾಲು ಒತ್ತಿದರೂ ಬಸುರಿಗೆ ಆರಾಮವೇ.

ಹೊಸ ವರ್ಷಕ್ಕೆ ನಾವು ಊರಿಗೆ ಮರಳಿದೆವು. ನೀಲಿ ರೆಬೋಸೊ ಅಲ್ಲೇ ಉಳಿಯಿತು, ಮೊಮ್ಮಗಳು ಈಗ ಅದರಲ್ಲಿ ಗೊಂಬೆ ಕಟ್ಟಿಕೊಂಡು ಮನೆಯೆಲ್ಲ ತಿರುಗುತ್ತಾಳೆ. ನಮ್ಮಾಕೆ ಅಲ್ಲಿ ಕಲಿತ ಗಂಟನ್ನು ಮರೆಯಬಾರದೆಂದು ಮಗಳಿಗೆ ಕಳಿಸಲು ಒಂದು ಇಳಕಲ್ಲ ಸೀರೆಯ ಸೆರಗಿಗೆ ಕುಚ್ಚು ಕಟ್ಟಲು ಕೂತಿದ್ದಾಳೆ. ದಿನಾ ಮಧ್ಯಾಹ್ನ ಊಟವಾದ ಮೇಲೆ ಒಂದು ತಾಸು. ಎಳೆ ಎಣಿಸಿ ಕೊಡುವ ಕೆಲಸ ನನ್ನದು. ಇಪ್ಪತ್ತು ದಿನವಾಯಿತು, ಇನ್ನೂ ಒಂದು ಗೇಣು ಬಾಕಿಯಿದೆ.